ಬಚ್ಚಲ ನೀರಿನ ಸುಗಂಧಿ

ಮನೆಗೊಂದು ಹಿತ್ತಲು ಅಂತ ಇನ್ನೂ ಉಳಿದಿದ್ದ ಕಾಲ ಅದು. ಹಿತ್ತಲು ಅಂದ ಕೂಡಲೇ ತೋಟ ಅಂದುಕೊಳ್ಳಬೇಡಿ. ಗೋವಿಂದರಾಜನಗರದಲ್ಲಿ ನಮ್ಮದು ಇಪ್ಪತ್ತು ಮೂವತ್ತರ ಸೈಟು. ಅದರಲ್ಲಿ ಮನೆ, ಮನೆಯ ಹಿಂದೆ ಬಚ್ಚಲು, ಬಚ್ಚಲಿಗೂ ಕಾಂಪೌಂಡಿಗೂ ನಡುವೆ ಒಂದು ಮಂಚ ಹಾಕುವಷ್ಟು ಮಣ್ಣು. ಅಷ್ಟೇ. ಆ ಮಂಚದಗಲದ ಮಣ್ಣಿನಲ್ಲಿ ನಮ್ಮತ್ತೆ ಸುಗಂಧಿ ಬೆಳೆಸಿದ್ದಳು. ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷ, ಮಳೆಗಾಲ ಬಂತೆಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಆ ಹೂವನ್ನೇ ಮುಡಿಯುತ್ತಿದ್ದರು. ಮುಡಿಯದವರು ಇಬ್ಬರೇ. ಒಬ್ಬಳು ನಮ್ಮತ್ತೆ, ಇನ್ನೊಬ್ಬಳು ನಮ್ಮಜ್ಜಿ.

ಸುಗಂಧಿ ಕಾಣದವರಿಗೆ ಸ್ವಲ್ಪ ಹೇಳಬೇಕು. ಗಿಡ ನೋಡಿದರೆ ಶುಂಠಿಯೋ ಅರಿಶಿನವೋ ಅನ್ನಬೇಕು, ಅದೇ ತರಹದ ಎಲೆ, ಅದೇ ತರಹದ ಗೆಡ್ಡೆ. ಆಳೆತ್ತರ ಬೆಳೆದು ತುದಿಯಲ್ಲಿ ಹಸಿರು ತೆನೆಯಂಥದ್ದೊಂದು ಬಿಡುತ್ತದೆ. ಅದರ ಸಂದಿನಿಂದ ಸುರುಳಿ ಸುತ್ತಿದ ಬಿಳಿ ಮೊಗ್ಗು ಇಣುಕುತ್ತದೆ. ಮಧ್ಯಾಹ್ನ ಇಳಿದ ಮೇಲೆ ಮೊಗ್ಗು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ದೀಪ ಹಚ್ಚುವ ಹೊತ್ತಿಗೆ ಮುಡಿದರೆ ತಲೆಯಲ್ಲೇ ಅರಳುತ್ತದೆ. ಆಮೇಲೆ ಅದರ ಘಮ ಒಳಮನೆ, ಹೊರಮನೆ, ಪಕ್ಕದ ಮನೆ ಅಂತ ಏನೂ ನೋಡುವುದಿಲ್ಲ. ನಾವು ಮಕ್ಕಳು ಉದುರಿದ ಹೂವಿನ ಉದ್ದ ಕೊಳವೆ ಕಿತ್ತು ಚೀಪುತ್ತಿದ್ದೆವು, ತುದಿಯಲ್ಲಿ ಒಂದು ಹನಿ ಸಿಹಿ ಸಿಗುತ್ತಿತ್ತು. ಇರುವೆ ಇದೆಯಾ ನೋಡ್ಕೊಂಡು ಚೀಪ್ರೇ ಅಂತ ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಎಷ್ಟೋ ಸಲ ಇರುವೆಯೂ ಹೊಟ್ಟೆಗೆ ಹೋಗಿದೆ.

ಸುಗಂಧಿಗೆ ಕಾಲು ಯಾವಾಗಲೂ ಒದ್ದೆಯಾಗಿರಬೇಕು. ಬಚ್ಚಲ ತೂಬಿನಿಂದ ನೀರು ನೇರ ಅದರ ಬುಡಕ್ಕೇ ಹೋಗುತ್ತಿತ್ತು. ಸೋಪಿನ ನೊರೆ, ಸೀಗೆಪುಡಿ, ಹಂಡೆ ಒಲೆಯ ಬೂದಿ, ಎಲ್ಲ ಕುಡಿದು ಗಿಡ ಮೈದುಂಬಿ ನಿಂತಿತ್ತು. ಆದರೆ ಅದೇ ಕಾರಣಕ್ಕೆ ಆ ಹೂ ದೇವರಮನೆಗೆ ಬರುವಂತಿರಲಿಲ್ಲ. ಬಚ್ಚಲ ನೀರು ಕುಡಿದ ಗಿಡ, ತಲೆಗಾಯ್ತು, ದೇವರಿಗಾಗಲ್ಲ ಅಂತ ಅಜ್ಜಿಯ ಕಟ್ಟಪ್ಪಣೆ. ದೇವರಿಗೆ ಬೀದಿಯಲ್ಲಿ ಕೂಗಿಕೊಂಡು ಬರುವವಳ ಹತ್ತಿರ ಮೊಳ ಸೇವಂತಿಗೆ. ಮನೆ ಹಿಂದೆ ಅಷ್ಟು ಹೂವಿಟ್ಟುಕೊಂಡು ಬೀದಿಯಲ್ಲಿ ಹೂ ಕೊಳ್ಳುವ ಮನೆ ಬೆಂಗಳೂರಲ್ಲಿ ನಮ್ಮದೊಂದೇ ಇದ್ದಿರಬೇಕು.

ಅತ್ತೆ ಅಂದರೆ ಅಪ್ಪನ ತಂಗಿ, ಸುಶೀಲ. ಕನಕಪುರದ ಕಡೆ ಮದುವೆಯಾಗಿ ಹೋದವಳು, ಮಾವ ಪಂಪ್‌ಸೆಟ್ಟಿನ ಕರೆಂಟು ಹೊಡೆದು ತೀರಿಕೊಂಡ ಮೇಲೆ ನಮ್ಮನೆಗೇ ವಾಪಸು ಬಂದಳು. ತಂದದ್ದು ಒಂದು ಟ್ರಂಕು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಒಂದಷ್ಟು ಸುಗಂಧಿ ಗೆಡ್ಡೆ. ಬಂದ ಹದಿನೈದು ದಿನಕ್ಕೆಲ್ಲ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಸೇರಿದಳು. ಆಗಿನ್ನೂ ಅವಳಿಗೆ ಮೂವತ್ತು ತುಂಬಿರಲಿಲ್ಲ. ಬೆನ್ನು ಮುಚ್ಚುವಷ್ಟು ಕೂದಲು. ಅದನ್ನು ಬಿಗಿಯಾಗಿ ಗಂಟು ಕಟ್ಟಿ, ಕೂದಲೇ ಇಲ್ಲದವಳ ಹಾಗೆ ಓಡಾಡುತ್ತಿದ್ದಳು.

ರಜೆಯ ದಿನ ಅವಳೇ ಮೊಗ್ಗು ಕೀಳುತ್ತಿದ್ದಳು, ಮಿಕ್ಕ ದಿನ ಅಮ್ಮ. ಕಾಂಪೌಂಡಿನಾಚೆಯಿಂದ ಸುಶೀಲಾ, ಎರಡು ಕೊಡೇ ಅಂತ ಯಾರು ಕೇಳಿದರೂ ಇಲ್ಲ ಅಂದದ್ದಿಲ್ಲ. ನನ್ನ ಎರಡು ಜಡೆಗೂ ಒಂದೊಂದು ಸಿಕ್ಕಿಸುತ್ತಿದ್ದಳು. ಅಮ್ಮ ಮಾತ್ರ ಅವಳೆದುರು ಮುಡಿಯಲು ಮುಜುಗರಪಟ್ಟು, ಒಂದೇ ಒಂದು ಹೂ ಸಿಕ್ಕಿಸಿಕೊಂಡು ಅದರ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಸುಗಂಧಿ ಸೆರಗಿನಡಿ ಸುಮ್ಮನಿರುತ್ತದೆಯೇ? ನೀನ್ಯಾಕೆ ಮುಡಿಯಲ್ಲ ಅಂತ ನಾನೊಮ್ಮೆ ಅತ್ತೆಯನ್ನು ಕೇಳಿಬಿಟ್ಟೆ. ಉತ್ತರ ಬಂದದ್ದು ಅಜ್ಜಿಯಿಂದ, ಬಾಯ್ಮುಚ್ಕೊಂಡು ಹೋಗಿ ಓದ್ಕೋ ಅಂತ. ಅಜ್ಜಿಯೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಆಗ ಅಪ್ಪ ಅಂಬೆಗಾಲಿಡುವ ಕೂಸು, ಅತ್ತೆ ಹೊಟ್ಟೆಯಲ್ಲಿ. ತನಗೆ ಆದದ್ದೇ ಮಗಳಿಗೂ ಆಗಬೇಕು ಅನ್ನುವ ಹಟ ಅಜ್ಜಿಯದು ಅಂತ ನಾನು ಅಂದುಕೊಂಡಿದ್ದೆ. ಅಜ್ಜಿಯ ಮೇಲೆ ನನಗೆ ಸಿಟ್ಟಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

ಒಂದು ವರ್ಷ ಯುಗಾದಿ ಕಳೆದ ಭಾನುವಾರ, ಅತ್ತೆ ಹಿತ್ತಲಿಂದ ಒಂದು ಗೆಡ್ಡೆ ಅಗೆದು ತಂದಳು. ನಲ್ಲಿಯ ಕಾವೇರಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು, ಮಗುವಿಗೆ ಎರೆದ ಹಾಗೆ. ದೊಡ್ಡ ಪೇಂಟ್ ಡಬ್ಬದ ತಳಕ್ಕೆ ತೂತು ಹೊಡೆದು, ಹೊಸ ಕೆಮ್ಮಣ್ಣು ತುಂಬಿ ನೆಟ್ಟು, ಮುಂಬಾಗಿಲ ಮೆಟ್ಟಿಲ ಪಕ್ಕ ಇಟ್ಟಳು. ಇದಕ್ಕೆ ಕುಡಿಯೋ ನೀರು ಬಿಟ್ಟು ಬೇರೆ ಏನೂ ಹಾಕಬಾರದು ಅಂತ ನನಗೆ ತಾಕೀತು. ಯಾಕೆ ಅಂದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಈ ಗಿಡದ ಹೂ ಕಳಶಕ್ಕೆ ಏರಬೇಕು ಅಂದಳು. ಆಮೇಲೆ ಅತ್ತಿತ್ತ ನೋಡಿ, ಬಗ್ಗಿ, ಮಿಕ್ಕದ್ದನ್ನೂ ಹೇಳಿದಳು.

ಗಾರ್ಮೆಂಟ್ಸಿನಲ್ಲಿ ಅವಳ ಪಕ್ಕದ ಮಿಷನ್ನಿಗೆ ಗದಗದ ಕಡೆಯ ಗಂಗವ್ವ ಅಂತ ಒಬ್ಬಳು ಬಂದಿದ್ದಳಂತೆ. ಅವಳೂ ಗಂಡ ಇಲ್ಲದವಳೇ, ಆದರೂ ತಲೆಯಲ್ಲಿ ಹೂವಿತ್ತಂತೆ. ಅತ್ತೆ ನೋಡಿದ್ದನ್ನು ನೋಡಿ ಗಂಗವ್ವ ತಾನಾಗೇ ಅಂದಳಂತೆ, ಇದು ದೇವರ ಮ್ಯಾಲಿನ ಹೂವ್ರೀ, ಪ್ರಸಾದಕ್ಕ ಒಲ್ಲೆ ಅನ್ನಬಾರದು. ಅತ್ತೆ ಆ ಮಾತನ್ನು ಗಂಗವ್ವನ ರಾಗದಲ್ಲೇ ಹೇಳಿ ತೋರಿಸಿದಳು. ಅವಳು ನಕ್ಕದ್ದನ್ನು ಬಹಳ ದಿನದ ಮೇಲೆ ನೋಡಿದ್ದೆ.

ಹಾಗಿದ್ದರೆ ಸೇವಂತಿಗೆ ಪ್ರಸಾದ ಮುಡಿಯಬಹುದಲ್ಲ, ಇಷ್ಟೆಲ್ಲ ಯಾಕೆ ಅಂತ ನಾನು ವಾದ ಹೂಡಿದೆ.

"ನಂಗೆ ಬೇರೆ ಹೂವಿನ ಆಸೆ ಇಲ್ಲ ಕಣೆ," ಅಂದಳು. "ಇದೇ ಹೂವು ಬೇಕು. ನಿಮ್ಮ ಮಾವ ಸಂಜೆ ಹೊಲದಿಂದ ಬರ್ತಾ ಕಿತ್ಕೊಂಡ್ ಬರ್ತಿದ್ರು. ಒಂದೇ ಒಂದು ಸಲ ಮುಡ್ಕೋಬೇಕು."

ಒಂದು ಸಲ ಮುಡಿಯುವುದಕ್ಕೆ ಇಷ್ಟು ದೊಡ್ಡ ಸುತ್ತು. ಬಚ್ಚಲ ಹೂ ದೇವರಿಗಾಗದು, ದೇವರ ಮುಡಿಯಿಂದ ಬಾರದ ಹೂ ಅವಳಿಗಾಗದು. ಅದಕ್ಕೇ ಆ ಪೇಂಟ್ ಡಬ್ಬ.

ಅಜ್ಜಿಯ ಕಣ್ಣು ತಪ್ಪಿಸಿ ನಮ್ಮನೆಯಲ್ಲಿ ಹಲ್ಲಿಯೂ ಓಡಾಡುತ್ತಿರಲಿಲ್ಲ. ಡಬ್ಬ ನೋಡಿದ ದಿನವೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಬೈಯುತ್ತಾಳೆ ಅಂತ ಕಾದೆವು, ಬೈಯಲಿಲ್ಲ. ಕಳಶದ ಮೇಲಿಂದ ನಾವೇ ಕಿತ್ತುಕೊಂಡದ್ದು ಪ್ರಸಾದ ಅಲ್ಲ ಅಂದಳು. ಅವಳ ತವರಿನಲ್ಲಿ ದೇವಿಯ ಮೈಮೇಲೆ ಹೂವಿಟ್ಟು ಕಾಯುತ್ತಿದ್ದರಂತೆ. ಬಲಗಡೆ ಬಿದ್ದರೆ ಆಯಿತು ಅಂತ, ಎಡಗಡೆ ಬಿದ್ದರೆ ಬೇಡ ಅಂತ, ಬೀಳದಿದ್ದರೆ ಇನ್ನೂ ಕಾಯಬೇಕು ಅಂತ. "ಕೊಡೋಳು ಅವಳು. ಅವಳಾಗಿ ಬಲಗಡೆ ಕೊಟ್ಟರೆ ಬೇಡ ಅನ್ನೋಕೆ ನಾನ್ಯಾರು?" ಅಂದು ಎಲೆ ಅಡಿಕೆ ಹಾಕಿಕೊಂಡಳು. ಅತ್ತೆ ಅದಕ್ಕೇ ತಲೆಯಾಡಿಸಿದಳು.

ಆ ಬೇಸಿಗೆ ಗಿಡ ನಮ್ಮನ್ನು ಗೋಳು ಹುಯ್ದುಕೊಂಡಿತು. ಹಿಂದಿನದ್ದು ಯಾರೂ ನೋಡದಿದ್ದರೂ ಕಾಡಿನ ಹಾಗೆ ಬೆಳೆದಿದೆ, ಮುಂದಿನದ್ದು ಇಷ್ಟು ಉಪಚಾರಕ್ಕೂ ಮುಖ ಕೊಡುತ್ತಿಲ್ಲ. ಮಧ್ಯಾಹ್ನವಿಡೀ ಅಲ್ಲಿ ಬಿಸಿಲು. ಕಾವೇರಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ. ಬೋರ್‌ವೆಲ್ ನೀರು ಹಾಕೋಣ ಅಂದರೆ ಉಪ್ಪು, ಬಟ್ಟೆ ಒಗೆದರೇ ಬಿಳಿ ಕಟ್ಟುತ್ತಿತ್ತು. ಅತ್ತೆ ತನ್ನ ಪಾಲಿನ ನೀರಿನಲ್ಲಿ ಉಳಿಸಿ ಚೊಂಬಿನಲ್ಲಿ ಅಳೆದಳೆದು ಹಾಕುತ್ತಿದ್ದಳು. ಕಾಲು ನೆನೆಸಿಕೊಂಡೇ ಇರಬೇಕಾದ ಗಿಡಕ್ಕೆ ತೀರ್ಥ ಕೊಟ್ಟ ಹಾಗೆ. ಎಲೆಯ ಅಂಚು ಸುಟ್ಟು ಕಾಗದದ ಹಾಗೆ ಸದ್ದು ಮಾಡತೊಡಗಿತು.

ಆಷಾಢದಲ್ಲಿ ಗಾಳಿ ಬೀಸಿತೇ ಹೊರತು ಮಳೆ ಬರಲಿಲ್ಲ. ಅದರ ಜೊತೆಗೆ ಎಲ್ಲೋ ಪೈಪು ಒಡೆದು ನಲ್ಲಿಯಲ್ಲಿ ವಾರಗಟ್ಟಲೆ ನೀರಿಲ್ಲ. ಬೀದಿಯ ತುದಿಗೆ ಟ್ಯಾಂಕರ್ ಬಂದರೆ ಬಿಂದಿಗೆಗಳ ಜಗಳ. ಹಾಗೆ ಹೊಡೆದಾಡಿ ತಂದ ನೀರಿನಲ್ಲಿ ಅತ್ತೆ ಒಂದು ಚೊಂಬು ಗಿಡಕ್ಕೆ ಹಾಕುವುದನ್ನು ಕಂಡು ಅಜ್ಜಿಗೆ ರೇಗಿಹೋಯಿತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ," ಅಂದುಬಿಟ್ಟಳು.

ನಮ್ಮ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಗಾದೆ. ಆದರೆ ಅಂದು ಅದು ಯಾರ ಜುಟ್ಟಿಗೆ ಹೋಗಿ ತಗುಲಿತು ಅನ್ನುವುದು ಬಾಯಿಂದ ಬಿದ್ದ ಮೇಲೆ ಅಜ್ಜಿಗೆ ಹೊಳೆಯಿತು. ಅವಳು ನಾಲಿಗೆ ಕಚ್ಚಿಕೊಂಡದ್ದನ್ನು ನಾನು ನೋಡಿದೆ. ಅತ್ತೆ ಚೊಂಬು ಮಗುಚಿಟ್ಟು ಕೆಲಸಕ್ಕೆ ಹೋದಳು. ಮಾರನೆಯ ದಿನದಿಂದ ಗಿಡದ ಹತ್ತಿರ ನಿಲ್ಲುವುದನ್ನೇ ಬಿಟ್ಟಳು. ಹೋಗುವಾಗ ಬರುವಾಗ ಬೇರೆ ಕಡೆ ನೋಡುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಒಂದು ಬಕೆಟ್ಟು ಬಚ್ಚಲ ನೀರು ಹಾಕಿದರೆ ಬದುಕಿಕೊಳ್ಳುತ್ತದೆ, ಯಾರಿಗೂ ಹೇಳುವುದು ಬೇಡ ಅಂತ ಅವಳ ಕಿವಿಯಲ್ಲಿ ಹೇಳಿದೆ. "ಹಂಗೆ ಮಾಡೋದಿದ್ರೆ ಹಿತ್ತಲದ್ದೇ ಕಿತ್ತು ಇಡ್ತಿರಲಿಲ್ವಾ ಪುಟ್ಟಿ," ಅಂದಳು. "ದೇವಿಗೆ ಮೋಸ ಮಾಡಿ ಅವಳ ಹತ್ರಾನೇ ಕೇಳೋಕಾಗುತ್ತಾ?"

ಅದಾದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ, ಅಜ್ಜಿ ಮೆಟ್ಟಿಲ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಅಕ್ಕಿ ತೊಳೆದ ನೀರಿನ ಪಾತ್ರೆ. ಬೆಳ್ಳಗಿನ ಆ ನೀರನ್ನು ಗಿಡದ ಬುಡಕ್ಕೆ ನಿಧಾನ ಸುರಿಯುತ್ತಿದ್ದಳು. ನಾನು ನಿಂತದ್ದನ್ನು ಕಂಡು, ನನಗೋ ಗಿಡಕ್ಕೋ ಗೊತ್ತಾಗದ ಹಾಗೆ, ಅಕ್ಕಿ ತೊಳೆದ ನೀರು ಎಂಜಲೂ ಅಲ್ಲ, ಮೈಲಿಗೆಯೂ ಅಲ್ಲ ಅಂದಳು. ಅಲ್ಲಿಯವರೆಗೆ ಆ ನೀರು ಹಿಂದಿನ ಬೀದಿಯ ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಹಸುವಿನವಳು ಬಂದು, ಏನಜ್ಜಿ, ನಿಮ್ಮನೇಲಿ ಅನ್ನ ಮಾಡೋದೇ ಬಿಟ್ರಾ ಅಂತ ಕೇಳಿದಳು. ಹೂಂ, ಎಲ್ಲ ಮುದ್ದೆಗೆ ಬಿದ್ದಿದೀವಿ ಅಂದಳು ಅಜ್ಜಿ.

ಅಜ್ಜಿ ಶುರು ಮಾಡಿದ ಮೇಲೆ ಇನ್ನೇನು, ಮನೆಮಂದಿಗೆಲ್ಲ ಧೈರ್ಯ ಬಂತು. ಅಮ್ಮ ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು ತಂದು ಸುರಿದಳು. ಅಪ್ಪ ಡಬ್ಬವನ್ನು ಎತ್ತಿ ಗೋಡೆಯ ನೆರಳಿಗೆ ಇಟ್ಟ. ಬಿಸಿಲಿಗೆ ಅಡ್ಡವಾಗಿ ಅಜ್ಜಿಯ ಹಳೇ ಸೀರೆ ಕಟ್ಟಿದ. ಯಾರೂ ಯಾರಿಗೂ ಯಾಕೆ ಅಂತ ಹೇಳಲಿಲ್ಲ. ಅತ್ತೆ ಸಂಜೆ ಕೆಲಸದಿಂದ ಬಂದವಳು ಬುಡದ ಮಣ್ಣು ಒದ್ದೆಯಿರುವುದನ್ನು ಬೆರಳಿಂದ ಮುಟ್ಟಿ ನೋಡಿದಳು. ಒಳಗೆ ಬಂದು ಅಜ್ಜಿಯ ಕಾಲ ಹತ್ತಿರ ಕೂತು, ಯಾವತ್ತಿನ ಹಾಗೆ ಸೊಪ್ಪು ಬಿಡಿಸತೊಡಗಿದಳು. ಅವತ್ತಿನ ಹುಳಿಯ ರುಚಿ ನನಗಿನ್ನೂ ನೆನಪಿದೆ ಅಂದರೆ ಸುಳ್ಳಾದೀತು. ಮನೆಯಲ್ಲಿ ಬಿಗಿ ಸಡಿಲಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಶ್ರಾವಣ ಬರುವ ಹೊತ್ತಿಗೆ ಗಿಡದ ತುದಿಯಲ್ಲಿ ಒಂದು ತೆನೆ ಕಟ್ಟಿತು. ಹಬ್ಬದ ಹಿಂದಿನ ದಿನ ಗುರುವಾರ, ಅದರಲ್ಲಿ ಮೊಗ್ಗು ಬಂತು. ಒಂದೇ ಮೊಗ್ಗು. ದೀಪದ ಹೊತ್ತಿಗೆ ನಾವೆಲ್ಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಸುರುಳಿ ಬಿಚ್ಚಿತು. ಹಿತ್ತಲದ್ದಕ್ಕಿಂತ ಸಣ್ಣ ಹೂವು, ಸೊರಗಿದ್ದು. ಘಮ ಮಾತ್ರ ಅದೇ. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ಸುಗಂಧಿ ಮರುದಿನ ಮಧ್ಯಾಹ್ನ ದಾಟುವುದು ಕಷ್ಟ. ಅದಕ್ಕೆ ಅಮ್ಮ ಆ ವರ್ಷ ಕತ್ತಲಿರುವಾಗಲೇ ಎದ್ದು ಪೂಜೆಗೆ ಕೂತಳು. ಕಳಶಕ್ಕೆ ಸೀರೆ ಉಡಿಸಿ, ಅರಿಶಿನ ಬಳಿದ ತೆಂಗಿನಕಾಯಿಯ ನೆತ್ತಿಯ ಮೇಲೆ ಆ ಹೂ ಇಟ್ಟಳು. ಸುತ್ತ ಸೇವಂತಿಗೆ, ಕನಕಾಂಬರ, ಮೇಲೆ ಬಿಳಿಯದೊಂದು. ಅತ್ತೆ ಅರ್ಧ ದಿನ ಪರ್ಮಿಷನ್ ಹಾಕಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಪೂಜೆಯ ಹತ್ತಿರಕ್ಕೆ ಅವಳು ಬರುತ್ತಿರಲಿಲ್ಲ, ಯಾರೂ ಬಾ ಅಂತ ಕರೆಯುತ್ತಲೂ ಇರಲಿಲ್ಲ. ಮಂಗಳಾರತಿ ಆಯಿತು. ಹೂ ಬೀಳಲಿಲ್ಲ. ಒಬ್ಬಟ್ಟಿನ ನೈವೇದ್ಯ ಆಯಿತು. ಬೀಳಲಿಲ್ಲ. ಒದ್ದೆ ಅರಿಶಿನಕ್ಕೆ ಅಂಟಿಕೊಂಡು ಕೂತಿತ್ತು.

ಅತ್ತೆ ಅರ್ಧ ದಿನ ಆದ ಮೇಲೂ ಕೆಲಸಕ್ಕೆ ಹೋಗಲಿಲ್ಲ. ನಾನು ಶಾಲೆಯಿಂದ ಬಂದಾಗಲೂ ಅದೇ ಹೊಸ್ತಿಲಲ್ಲಿ, ಅದೇ ಕಡೆ ನೋಡುತ್ತಾ ಕೂತಿದ್ದಳು. ಮುಂದೆ ಒಬ್ಬಟ್ಟಿನ ತಟ್ಟೆ ಹಾಗೇ ಇತ್ತು. ಹೂವಿನ ಎಸಳು ನೀರುನೀರಾಗಿ, ಅಂಚು ಕಂದು ತಿರುಗಿತ್ತು. ನನಗೆ ಆ ದೇವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಹೂ, ಒಂದು ಸಲ, ಅದನ್ನೂ ಕೊಡಲಾರದವಳಿಗೆ ಇಷ್ಟು ಸೀರೆ ಒಡವೆ ಯಾಕೆ ಅನ್ನಿಸಿತು.

ಸಂಜೆ ಕುಂಕುಮಕ್ಕೆ ಬೀದಿಯ ಹೆಂಗಸರು ಬರುವ ಹೊತ್ತಾಗಿತ್ತು. ದೀಪಕ್ಕೆ ಎಣ್ಣೆ ಹಾಕುತ್ತೇನೆ ಅಂತ ಅಜ್ಜಿ ಎದ್ದಳು. ಎಣ್ಣೆ ಹಾಕುವುದು ಅಮ್ಮನ ಕೆಲಸ, ಅಜ್ಜಿ ಯಾವತ್ತೂ ಕಳಶ ಮುಟ್ಟಿದವಳಲ್ಲ. ಎಡಗೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ಬಗ್ಗಿದಳು, ಬತ್ತಿ ಸರಿಮಾಡಿದಳು, ಏಳುವಾಗ ಅವಳ ಬಲಗೈ ತೆಂಗಿನಕಾಯಿಯ ಮೇಲೆ ಹಾದುಹೋಯಿತು. ಹೂ ಜಾರಿತು. ಬಲಗಡೆಗೇ ಜಾರಿತು.

ಅಮ್ಮ ನೋಡಿದಳು. ನಾನು ನೋಡಿದೆ. ಹೊಸ್ತಿಲಲ್ಲಿದ್ದ ಅತ್ತೆಗಂತೂ ಎದುರಿಗೇ ಇತ್ತು.

"ಸುಶೀಲಾ, ಬಾ ಇಲ್ಲಿ," ಅಂದಳು ಅಜ್ಜಿ. "ಬಲಗಡೆ ಕೊಟ್ಟಳು."

ಅತ್ತೆ ಎದ್ದು ಬಂದಳು. ಅಜ್ಜಿ ಹೂವನ್ನು ಕಣ್ಣಿಗೊತ್ತಿಕೊಂಡಳು, ಮಗಳನ್ನು ತಿರುಗಿಸಿ ನಿಲ್ಲಿಸಿ ಗಂಟಿನ ಪಕ್ಕ ಸಿಕ್ಕಿಸಿದಳು. ಹೂ ಒಂದೇ ಸಲಕ್ಕೆ ನಿಲ್ಲಲಿಲ್ಲ. ಅತ್ತೆ ಗೋಡೆಗೆ ಹಣೆಯೊತ್ತಿ ಅತ್ತಳು, ಸದ್ದು ಮಾಡಿಯೇ ಅತ್ತಳು. ಮಾವ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಅಮ್ಮ ಆ ಹೊತ್ತಿಗೆ ಮಾಡಿದ್ದು ಒಂದೇ, ತನ್ನ ತಲೆಯ ಮೇಲಿನ ಸೆರಗನ್ನು ಕೆಳಗೆ ಜಾರಿಸಿದಳು.

ಕುಂಕುಮಕ್ಕೆ ಬಂದವರಲ್ಲಿ ಎದುರುಮನೆ ಆಂಟಿಯ ಕಣ್ಣು ನೇರ ಅತ್ತೆಯ ತಲೆಗೇ ಹೋಯಿತು. ಅವರು ಬಾಯಿ ತೆರೆಯುವ ಮೊದಲೇ ಅಜ್ಜಿ ಪ್ರಸಾದ ಅಂದಳು. ಹೇಳಿದ ರೀತಿಗೆ ಆಂಟಿ ಕೋಸಂಬರಿ ತೆಗೆದುಕೊಂಡು ಸುಮ್ಮನೆ ಕೂತರು. ಅತ್ತೆ ಹೂ ಪೂರಾ ಕಂದಾಗುವವರೆಗೆ ತೆಗೆಯಲಿಲ್ಲ. ಆ ತೆನೆಯಲ್ಲಿ ಆಮೇಲೆ ಇನ್ನೂ ಒಂದೆರಡು ಮೊಗ್ಗು ಬಂದವು. ಅವನ್ನು ದೇವರಿಗಿಟ್ಟು, ಅವ್ವ ನೀನೂ ಒಂದು ಇಟ್ಕೋ ಅಂತ ಅತ್ತೆ ಅಜ್ಜಿಯನ್ನು ಕೇಳಿದಳು. ನನ್ನ ತಲೇಲಿ ನಾಲ್ಕು ಕೂದಲಿದೆ, ಅದು ಎಲ್ಲಿ ನಿಲ್ಲುತ್ತೆ ಹೋಗೆ ಅಂತ ಅಜ್ಜಿ ನಗೆಯಾಡಿ ತಳ್ಳಿಹಾಕಿದಳು. ನಾವೂ ನಕ್ಕು ಬಿಟ್ಟುಬಿಟ್ಟೆವು.

ಆಮೇಲಿನದ್ದು ಎಲ್ಲರ ಮನೆಯ ಕತೆಯೇ. ಬಚ್ಚಲಿಗೆ ಒಳಚರಂಡಿಯ ಪೈಪು ಬಂತು, ಹಿತ್ತಲ ಗಿಡ ಒಣಗಿತು. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಹಳೇ ಮನೆ ಕೆಡವಿ ಬಾಡಿಗೆಗೆ ಅಂತ ಮಹಡಿ ಮೇಲೆ ಮಹಡಿ ಎತ್ತಿದ. ಮಂಚದಗಲದ ಮಣ್ಣಿದ್ದ ಜಾಗದಲ್ಲಿ ಈಗ ಬಾಡಿಗೆಯವರ ಸ್ಕೂಟರುಗಳು ನಿಲ್ಲುತ್ತವೆ. ಬೀದಿಯಲ್ಲಿ ಸಂಜೆ ಕಾಂಪೌಂಡಿನಾಚೆಯಿಂದ ಎರಡು ಕೊಡೇ ಅಂತ ಕೇಳುವವರಿಲ್ಲ, ಕೇಳಿದರೆ ಕೊಡಲು ಏನೂ ಇಲ್ಲ. ನನ್ನ ಮಗಳಿಗೆ ಹೂವಿನ ಕೊಳವೆ ಚೀಪುವ ಮಾತು ಹೇಳಿದರೆ, ಛೀ, ಇರುವೆ ಇರಲ್ವಾ ಅನ್ನುತ್ತಾಳೆ.

ಅತ್ತೆ ಈಗ ನಾಯಂಡಹಳ್ಳಿಯಲ್ಲಿ ಎರಡನೇ ಮಹಡಿಯ ಮನೆಯೊಂದರಲ್ಲಿ ಇದ್ದಾಳೆ. ಹೂ ಮುಡಿಯಬೇಡ ಅನ್ನುವವರು ಈಗ ಯಾರೂ ಇಲ್ಲ. ಕಾಲ ಅಷ್ಟರಮಟ್ಟಿಗೆ ಒಳ್ಳೆಯದಾಗಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ಬಾಲ್ಕನಿಯ ಕುಂಡದಲ್ಲಿ ಒಂದು ಸುಗಂಧಿ ಇಟ್ಟುಕೊಂಡು ಅಕ್ಕಿ ತೊಳೆದ ನೀರೇ ಹಾಕುತ್ತಾಳೆ. ಹೋದ ತಿಂಗಳು ಹೋದಾಗ, ಇಷ್ಟು ವರ್ಷ ಯಾರೂ ಎತ್ತದ ಮಾತನ್ನು ನಾನು ಎತ್ತಿದೆ. ಆವತ್ತು ಅಜ್ಜಿಯ ಕೈ ತಗುಲಿ ಹೂ ಬಿದ್ದದ್ದು ನಿನಗೆ ಕಂಡಿತ್ತಾ ಅಂದೆ.

"ಕಾಣದೆ ಏನು," ಅಂದಳು. ಪಾತ್ರೆಯ ಕೊನೆಯ ನೀರನ್ನು ಬುಡಕ್ಕೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. "ನಂಗೆ ಬೀಳಿಸಿಕೊಡೋಕೆ ಅವ್ವ ಇದ್ದಳು. ಅವ್ವಂಗೆ ಯಾರೂ ಬೀಳಿಸಿಕೊಡಲಿಲ್ಲವಲ್ಲ ಪುಟ್ಟಿ."

ನಾವು ಕೊಡಬಹುದಿತ್ತು. ಬೇಡ ಅಂದದ್ದನ್ನು ನಂಬಿ ಸುಮ್ಮನಾದೆವು. ಅಜ್ಜಿ ಹೋದದ್ದು ಮಾಘದಲ್ಲಿ. ಅದು ಸುಗಂಧಿ ಬಿಡುವ ಕಾಲವಲ್ಲ. ಬೀದಿಯಲ್ಲಿ ಕೊಂಡು ತಂದ ಸೇವಂತಿಗೆಯನ್ನೇ ಹಾಕಿ ಕಳಿಸಿದೆವು.